ಬಿಸಿ ಬ್ರೇಕಿನ ಮೇಲೆ ಕಾಲು

ಎಂಟು ತಿಂಗಳು ಅಪ್ಪ ನನ್ನ ಕಾರಿನಲ್ಲಿ ಕೂರಲಿಲ್ಲ. ಕಾರಣ ಅದರ ಬ್ರೇಕು. ಕೊನೆಗೆ ಬ್ರೇಕನ್ನು ಬದಲಿಸಿದೆ. ಬದಲಿಸಿದ ಮೇಲೂ ಒಂದು ತಪ್ಪು ಮಾಡಿದೆ. ಬೇರೆ ಮನೆಯಲ್ಲಿ ಹುಟ್ಟಿದವನು ಆ ತಪ್ಪು ಮಾಡುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಕಾರು ಚಿಕ್ಕದು. ಕೆಂಪು ಬಣ್ಣ, ನೋಡುವುದಕ್ಕೆ ಸಂತೆಗೆ ಹೋಗಿಬರುವ ಗಾಡಿ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಹಿಂದಿನ ಮಾಲೀಕ ಅದರ ಟರ್ಬೊ ಎಂಜಿನ್ನಿಗೆ ಇನ್ನಷ್ಟು ಶಕ್ತಿ ಏರಿಸಿದ್ದ, ಬ್ರೇಕನ್ನು ಮುಟ್ಟಿರಲಿಲ್ಲ. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ರಸ್ತೆ ತಾನಾಗಿ ಕೆಳಗೆ ಹರಿದುಹೋಗುತ್ತಿತ್ತು. ಭಾನುವಾರ ಬೆಳಿಗ್ಗೆ ಆರಕ್ಕೆ ಅಪ್ಪ ಮತ್ತು ನಾನು, ಚಿನ್ನದ ಗಣಿಯ ಕಾರ್ಮಿಕರಿಗೆ ಕಟ್ಟಿದ ನಂದಿದುರ್ಗದ ಲೈನು ಮನೆಯಿಂದ ಹೊರಟು, ಬಂಗಾರಪೇಟೆಯಲ್ಲಿ ಇಡ್ಲಿ ತಿಂದು, ಬೂದಿಕೋಟೆಯವರೆಗೆ ಹೋಗಿ ಬರುತ್ತಿದ್ದೆವು. ಅಲ್ಲಿ ನಮಗೆ ಯಾವ ಕೆಲಸವೂ ಇರಲಿಲ್ಲ. ರಾಗಿ ಹೊಲಗಳ ಮೇಲೆ ಮಂಜು ಹಾಸಿಕೊಂಡಿರುತ್ತಿತ್ತು. ಬಂಡೆಗುಡ್ಡಗಳು ಬುಡವಿಲ್ಲದೆ ಮಂಜಿನ ಮೇಲೆ ತೇಲುತ್ತಿದ್ದವು. ಕಾರಿನೊಳಗೆ ಅಪ್ಪ ಮಾತಾಡುತ್ತಿದ್ದರು.

ಮನೆಯಲ್ಲಿ ಅವರು ಮಾತಾಡುವವರಲ್ಲ. ಅಮ್ಮ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಮನೆಯಲ್ಲಿ ಅವಳ ಸುದ್ದಿ ಎತ್ತಿದರೆ ಅಪ್ಪ ಎದ್ದು ಗಿಡಗಳಿಗೆ ನೀರು ಹಾಕಲು ಹೋಗುತ್ತಿದ್ದರು. ಕಾರು ಹೊರಟು, ನನ್ನ ಮುಖ ನೋಡುವ ಅಗತ್ಯ ಇಲ್ಲದಾದಾಗ, ತಾವಾಗಿಯೇ ಶುರುಮಾಡುತ್ತಿದ್ದರು. ಕ್ಯಾಸಂಬಳ್ಳಿಯ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಶಿಫ್ಟಿನ ಸೈರನ್ ಕೂಗಿದಾಗಲೆಲ್ಲ ಅಮ್ಮ ಏನೋ ಅಪಾಯವೆಂದು ಒಲೆಯ ಮೇಲಿನ ಪಾತ್ರೆ ಇಳಿಸಿಬಿಡುತ್ತಿದ್ದಳಂತೆ. ಅಪ್ಪನಿಗೆ ಗೊತ್ತಾಗದ ಹಾಗೆ ಲೈನಿನವರ ತಮಿಳು ಕಲಿತು, ಒಂದು ದಿನ ಪಕ್ಕದ ಮನೆಯವಳ ಜೊತೆ ಅದರಲ್ಲೇ ಜಗಳಕ್ಕೆ ನಿಂತಳಂತೆ. ಅಮ್ಮನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಆ ಎಡಗಡೆಯ ಸೀಟಿನಿಂದ ಕೇಳಿದ್ದು.

ಅಪ್ಪ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದರು. ಅಂದರೆ ಕಾರ್ಮಿಕರು ತುಂಬಿದ ಕೇಜನ್ನು ಉಕ್ಕಿನ ಹಗ್ಗದಲ್ಲಿ ಭೂಮಿಯೊಳಕ್ಕೆ ಇಳಿಸಿ, ಮತ್ತೆ ಮೇಲೆತ್ತುವ ಕೆಲಸ. ಕೇಜು ಅವರಿಗೆ ಕಾಣುತ್ತಿರಲಿಲ್ಲ. ಎದುರಿಗೆ ಆಳ ತೋರಿಸುವ ದೊಡ್ಡ ಮುಳ್ಳು, ಕಿವಿಗೆ ಇಳಿಸು, ನಿಲ್ಲಿಸು, ಎತ್ತು ಎಂದು ಕೇಜಿನ ಬಳಿಯವರು ಹೊಡೆಯುವ ಗಂಟೆಯ ಸದ್ದು, ಕೈಯಲ್ಲಿ ಬ್ರೇಕಿನ ಹಿಡಿ. ಗಣಿ ಮುಚ್ಚುವವರೆಗೆ ಅದೇ ಕುರ್ಚಿ. ಹಾಗಾಗಿ ಬ್ರೇಕಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಕೊನೆಯ ಮಾತು ಅವರದು.

ಒಂದು ಭಾನುವಾರ ನಾನು ದಾರಿ ಬದಲಿಸಿದೆ. ವಿ.ಕೋಟ ದಾಟಿ ಪೇರ್ಣಾಂಬಟ್ಟಿನ ಕಡೆ ಇಳಿಯುವ ಘಾಟಿಗೆ ಹೋದೆವು. ತಿರುವುಗಳು ಚೆನ್ನಾಗಿದ್ದವು. ಓಡಿಸಿ, ಬ್ರೇಕು ಒತ್ತಿ, ಮತ್ತೆ ಓಡಿಸಿ ಇಳಿಯುತ್ತಿದ್ದೆ. ಅರ್ಧ ಘಾಟಿಯಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲು, ಹತ್ತಿಯ ಮೂಟೆಯ ಮೇಲೆ ಕಾಲಿಟ್ಟ ಹಾಗೆ, ಮೆತ್ತಗೆ ಕೆಳಕ್ಕೆ ಹೋಯಿತು. ಕಾರಿನ ವೇಗ ಇಳಿಯಬೇಕಾದಷ್ಟು ಇಳಿಯಲಿಲ್ಲ. ಅಪ್ಪ ದನಿ ಏರಿಸಲಿಲ್ಲ.

"ಗೇರು ಇಳ್ಸು. ಇನ್ನೊಂದು ಇಳ್ಸು."

ಎಂಜಿನ್ನು ಕೂಗಿಕೊಂಡು ಕಾರನ್ನು ಹಿಡಿಯಿತು. ತಿರುವಿನಾಚೆ ಗುಡ್ಡದ ಕಡೆಯ ಮಣ್ಣಿಗೆ ಉಜ್ಜಿಕೊಂಡು ನಿಂತೆವು. ಯಾರಿಗೂ ಏನೂ ಆಗಲಿಲ್ಲ. ಅಪ್ಪ ಇಳಿದು ರಸ್ತೆಬದಿಯ ಕಟ್ಟೆಯ ಮೇಲೆ ಕೂತರು. ಅವರ ಬಲಗಾಲು ಆಗಲೂ ನೆಲವನ್ನು ಒತ್ತುತ್ತಿತ್ತು. ಬ್ರೇಕು ಆರಿ ಪೆಡಲು ಮತ್ತೆ ಗಟ್ಟಿಯಾದ ಮೇಲೂ ಅವರು ಕಾರಿಗೆ ಬರಲಿಲ್ಲ. ಎದುರಿಗೆ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿಕೊಂಡರು. ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದರು.

"ಓಡೋದು ಕಲ್ತೈತೆ ನಿನ್ ಗಾಡಿ. ನಿಲ್ಲೋದು ಕಲಿಸ್ಕೊಂಡು ಬಾ, ಆಮ್ಯಾಕೆ ನೋಡಾನ."

ಪತ್ರಿಕೆಯ ಡೆಸ್ಕಿನಲ್ಲಿ ನಾನು ಅಪಘಾತದ ವರದಿಗಳನ್ನು ತಿದ್ದುತ್ತಿದ್ದೆ. 'ಬ್ರೇಕ್ ವಿಫಲವಾಗಿ' ಎಂದು ಬಂದರೆ ಪರೀಕ್ಷಿಸಿ ಹೇಳಿದವರು ಯಾರು ಎಂದು ಕೇಳುತ್ತಿದ್ದೆ, ಉತ್ತರ ಬರದಿದ್ದರೆ ಆ ಸಾಲು ಹೊಡೆದುಹಾಕುತ್ತಿದ್ದೆ. ಆ ಘಾಟಿಯಲ್ಲಿ ಬ್ರೇಕು ವಿಫಲವಾಗಲಿಲ್ಲ. ತನ್ನ ಅಳತೆಗೆ ಮೀರಿ ಬಿಸಿಯಾಯಿತು. ಬಿಸಿ ಮಾಡಿದವನು ನಾನು.

ನಂತರದ ಭಾನುವಾರಗಳಲ್ಲಿ ಎರಡು ಸಲ ಒಬ್ಬನೇ ಬೂದಿಕೋಟೆಗೆ ಹೋಗಿಬಂದೆ. ಮೂರನೆಯ ಸಲ ಹೋಗಲಿಲ್ಲ.

ಈ ಕೆಲಸ ಗೊತ್ತಿರುವ ಮೆಕ್ಯಾನಿಕ್ ಬಂಗಾರಪೇಟೆಯಲ್ಲೇ ಸಿಕ್ಕಿದರು. ನನ್ನ ವಯಸ್ಸಿನವರು. ನಟ್ಟುಗಳನ್ನು ತಮಿಳಿನಲ್ಲಿ ಎಣಿಸುತ್ತಿದ್ದರು, ತುಕ್ಕು ಹಿಡಿದ ಬೋಲ್ಟನ್ನು ತೆಲುಗಿನಲ್ಲಿ ಬೈಯುತ್ತಿದ್ದರು, ನನ್ನ ಜೊತೆ ಕನ್ನಡ. ಅದೇ ಕಂಪನಿಯ ದೊಡ್ಡ ಕಾರಿನ ಮುಂದಿನ ಡಿಸ್ಕು, ಅದನ್ನು ಎರಡೂ ಕಡೆಯಿಂದ ಹಿಡಿಯುವ ಕ್ಯಾಲಿಪರ್, ಡಿಸ್ಕಿಗೆ ಒತ್ತಿ ಉಜ್ಜುವ ಹೊಸ ಪ್ಯಾಡು, ಒತ್ತಡಕ್ಕೆ ಉಬ್ಬದ ಉಕ್ಕಿನ ಹೆಣಿಗೆಯ ಪೈಪು ಬೇಕು ಎಂದರು. ಅವೆಲ್ಲ ಒಂದೊಂದಾಗಿ ಬಂದು ಸೇರುವುದಕ್ಕೆ ತಿಂಗಳುಗಳು ಹಿಡಿದವು. ಬಂದ ದಿನ ಹಳೆಯ ಡಿಸ್ಕನ್ನು ಹೊಸದರ ಮೇಲಿಟ್ಟು ತೋರಿಸಿದರು. ತಟ್ಟೆಯ ಮೇಲೆ ರೊಟ್ಟಿ ಇಟ್ಟಂತೆ ಸುತ್ತಲೂ ಅಂಚು ಉಳಿಯಿತು. ಹೊಸದು ಒಂದೇ ತಗಡಲ್ಲ. ಎರಡು ತಗಡುಗಳ ನಡುವೆ ಗಾಳಿ ಹೋಗಲು ಸಂದುಗಳಿದ್ದವು. ಬೆಳಕಿಗೆ ಹಿಡಿದರೆ ಆ ಸಂದುಗಳ ಆಚೆ ಬಂಗಾರಪೇಟೆಯ ಬೀದಿ ತುಂಡುತುಂಡಾಗಿ ಕಾಣುತ್ತಿತ್ತು: ಒಂದು ಸೈಕಲ್ಲಿನ ಚಕ್ರ, ಹಾಲಿನ ಕ್ಯಾನು, ಯಾರದೋ ಸೆರಗು.

ಜೋಡಿಸಿ ಆದ ಮೇಲೆ ಸ್ಟೆಪ್ನಿ ಚಕ್ರ ಹಾಕಿ ನೋಡಿದರು. ಅದು ಅಳತೆಯಲ್ಲಿ ಸ್ವಲ್ಪ ಚಿಕ್ಕದು, ಹೊಸ ಕ್ಯಾಲಿಪರಿಗೆ ತಗುಲಿ ಒಳಗೇ ಹೋಗಲಿಲ್ಲ. ಅದನ್ನೂ ಬದಲಿಸಬೇಕಾಯಿತು. ಪೈಪಿನೊಳಗಿನ ಗಾಳಿ ತೆಗೆದು, ಹೊಸ ಆಯಿಲ್ ತುಂಬಿದರು. ಕೊನೆಗೆ ಪ್ಯಾಡನ್ನು ಡಿಸ್ಕಿಗೆ ಹೊಂದಿಸುವ ಕ್ರಮ ಹೇಳಿದರು. ಖಾಲಿ ರಸ್ತೆಯಲ್ಲಿ ವೇಗವನ್ನು ಅರವತ್ತರಿಂದ ಹತ್ತಕ್ಕೆ ಇಳಿಸಬೇಕು, ಪೂರ್ತಿ ನಿಲ್ಲಿಸಬಾರದು, ಮತ್ತೆ ಅರವತ್ತಕ್ಕೆ ಏರಬೇಕು. ಹತ್ತು ಸಲ. ಆಮೇಲೆ ಬ್ರೇಕು ಮುಟ್ಟದೆ ಕಾಲು ಗಂಟೆ ಓಡಿಸಿ ಆರಿಸಬೇಕು. ಬಿಸಿಯಲ್ಲಿ ಮಾತ್ರ ಎಲ್ಲೂ ನಿಲ್ಲಬೇಡಿ ಎಂದು ಎರಡು ಸಲ ಹೇಳಿದರು.

ಮನೆಯ ಗೇಟಿನ ಬಳಿ ಅಪ್ಪ ಬಗ್ಗಿ ಚಕ್ರದ ಸಂದಿನಲ್ಲಿ ಡಿಸ್ಕನ್ನು ಬಹಳ ಹೊತ್ತು ನೋಡಿದರು. ಬರುತ್ತೀರಾ ಎಂದೆ. ಇಲ್ಲವೆಂದು ತಲೆಯಾಡಿಸಿದರು. ಗಣಿಯಲ್ಲಿ ಹಗ್ಗಕ್ಕೋ ಬ್ರೇಕಿಗೋ ಕೈ ಹಾಕಿದ ಮೇಲೆ ಮೊದಲ ಸಲ ಕೇಜನ್ನು ಖಾಲಿಯಾಗಿ ಇಳಿಸಿ ಮೇಲೆ ತರುವುದು ನಿಯಮ. ಜನ ಹತ್ತುವುದು ಆಮೇಲೆ.

"ಖಾಲಿ ಓಗ್ಬಾ. ಮುಂದಿನ್ ವಾರ ನೋಡಾನ," ಎಂದರು.

ಮರುದಿನ ಬೆಳಗಿನ ಜಾವ ಬೂದಿಕೋಟೆ ರಸ್ತೆಯಲ್ಲಿ ಒಬ್ಬನೇ ಇದ್ದೆ. ಏರಿಸುವುದು, ಇಳಿಸುವುದು. ಎಂಟನೆಯ ಸಲಕ್ಕೆ ಬಿಸಿ ಕಬ್ಬಿಣದ ವಾಸನೆ ಬಂತು. ಹತ್ತನೆಯ ಸಲ ವೇಗ ಇಳಿಸುತ್ತಿರುವಾಗ ಮಂಜಿನೊಳಗಿಂದ ಕುರಿಗಳು ಬಂದವು. ಮೊದಲು ಒಂದು, ಆಮೇಲೆ ರಸ್ತೆಯ ಅಗಲಕ್ಕೂ. ನಿಲ್ಲಿಸಿದೆ. ಅವು ಕಾರಿನ ಎರಡೂ ಬದಿ ಸದ್ದಿಲ್ಲದೆ ಹರಿದವು. ಉಣ್ಣೆ ಬಾಗಿಲಿಗೆ ಸವರುತ್ತಿತ್ತು. ಕುರಿಯವನು ಕಂಬಳಿಯೊಳಗಿಂದ ನನ್ನನ್ನು ನೋಡದೆ ದಾಟಿದ. ಕಾರೇ ಹಿಂದಕ್ಕೆ ಜಾರುತ್ತಿದೆ ಎಂಬ ಭ್ರಮೆಯಾಯಿತು. ಆಗ ಕಾಲನ್ನು ಇನ್ನಷ್ಟು ಬಲವಾಗಿ ಒತ್ತಿದೆ. ಕೊನೆಯ ಮರಿ ದಾಟುವವರೆಗೆ ಒತ್ತಿಕೊಂಡೇ ಇದ್ದೆ.

ಶನಿವಾರದ ಹೊತ್ತಿಗೆ ದೋಷ ಗೊತ್ತಾಯಿತು. ಎಪ್ಪತ್ತರ ಮೇಲಿದ್ದಾಗ ಬ್ರೇಕು ಒತ್ತಿದರೆ ಪೆಡಲು ಕಾಲಿನ ಕೆಳಗೆ ನಡುಗುತ್ತಿತ್ತು. ಕಾರು ನಿಲ್ಲುತ್ತಿತ್ತು, ಚೆನ್ನಾಗಿಯೇ ನಿಲ್ಲುತ್ತಿತ್ತು. ಐವತ್ತರಲ್ಲಿ ಹೋದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಭಾನುವಾರ ಆರಕ್ಕೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ಮಫ್ಲರ್ ಸುತ್ತಿಕೊಂಡು ಗೇಟಿನಲ್ಲಿ ನಿಂತಿದ್ದರು. ಐವತ್ತರಲ್ಲೇ ಹೋಗಿಬಂದರಾಯಿತು ಎಂದು ನನ್ನ ಮನಸ್ಸು ಹೇಳಿದ್ದು ನಿಜ. ಕೀಲಿಯನ್ನು ಜೇಬಿಗೆ ಹಾಕಿದೆ. ಆಮೇಲೆ ಪೆಡಲು ನಡುಗುತ್ತಿದೆ ಎಂದು ಹೇಳಿದೆ. ಅವರು ಒಳಗೆ ಹೋಗಿ ಮಫ್ಲರನ್ನು ಮೊಳೆಗೆ ನೇತುಹಾಕಿದರು.

ಸೋಮವಾರ ನಾನು ಶೆಡ್ಡಿಗೆ ಕಾರು ಒಯ್ದಾಗ ಅವರು ಬಸ್ಸಿನಲ್ಲಿ ಹಿಂದೆಯೇ ಬಂದರು. ಬಾಗಿಲ ಬಳಿಯ ಬೆಂಚಿನಲ್ಲಿ ಕೂತರು. ಮೆಕ್ಯಾನಿಕ್ ಚಕ್ರ ಬಿಚ್ಚಿ, ಡಿಸ್ಕನ್ನು ಒರೆಸಿ, ಬೆರಳಿನಿಂದ ಒಂದು ಕಡೆ ತೋರಿಸಿದರು. ಹೊಳೆಯುವ ಲೋಹದ ಮೇಲೆ ಪ್ಯಾಡಿನ ಆಕಾರದ ಕಪ್ಪು ಕಲೆ. ಬಿಸಿ ಪ್ಯಾಡು ಅಲ್ಲಿ ಅಂಟಿ ಬಿಟ್ಟದ್ದು, ಪೆಡಲನ್ನು ನಡುಗಿಸುತ್ತಿದ್ದದ್ದು ಅದೇ.

"ಅಣ್ಣಾ, ನಿಜ ಹೇಳಿ. ಬಿಸಿಯಾಗಿದ್ದಾಗ ಎಲ್ಲಾದ್ರೂ ಒತ್ಕೊಂಡು ನಿಂತ್ರಾ?"

"ಕುರಿ ಬಂದ್ವು."

"ಕುರಿ ಬರ್ಲಿ. ಹ್ಯಾಂಡ್‌ಬ್ರೇಕ್ ಎಳ್ದು ಕಾಲು ಎತ್ಬೇಕಿತ್ತು. ನೋಡಿ, ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಂಗೆ ಒತ್ತಿಬಿಟ್ಟಿದ್ದೀರ. ನಿಂತಿರೋ ಗಾಡೀನ ಯಾರಣ್ಣಾ ಅಷ್ಟು ಅಮುಕೋದು? ಎಲ್ಲಿಗೆ ಓಡೋಗ್ತಿತ್ತು ಅದು?"

ಬೆಂಚಿನಿಂದ ಅಪ್ಪನ ದನಿ ಬಂತು.

"ನಾನೇ ಕಲ್ಸಿದ್ದು."

ನಿಜ. ನನಗೆ ಡ್ರೈವಿಂಗ್ ಕಲಿಸಿದವರು ಅವರು. ಪರಿಚಯದವರ ಹಳೆಯ ಜೀಪು, ಗಣಿಯ ಮೈದಾನ. ನಿಂತ ಮೇಲೂ ಕಾಲು ತೆಗೆಯಬಾರದು, ನಿಂತ ಮೇಲೇ ಹೆಚ್ಚು ಒತ್ತಬೇಕು ಎಂಬುದು ಮೊದಲ ಪಾಠ. ಅದು ನನ್ನ ಕಾಲಿಗೆ ಎಷ್ಟು ಇಳಿದಿತ್ತೆಂದರೆ, ಮೆಕ್ಯಾನಿಕ್ ಎರಡು ಸಲ ಹೇಳಿದ ಮಾತು ಅದರ ಮೇಲೆ ನಿಲ್ಲಲಿಲ್ಲ.

ಅಪ್ಪ ಎದ್ದು ಬಂದು ಆ ಕಲೆಯನ್ನು ಹೆಬ್ಬೆರಳಿನಿಂದ ಮುಟ್ಟಿದರು.

"ಕೇಜು ನಿಂತ್ಮ್ಯಾಕೆ ಬ್ರೇಕ್ ಸಡ್ಲ ಬಿಡಂಗಿಲ್ಲ, ಅದ್ರಾಗೆ ಜನ ಇರ್ತಾರೆ ಕಣಪ್ಪ. ಗಂಟೆ ಬರೋಗಂಟ ಹಿಡ್ಕೊಂಡೇ ಇರ್ಬೇಕು. ಬಿಡೋದು ನಾನೇ ಕಲೀಲಿಲ್ಲ, ಇವನ್ಗೇನು ಕಲಿಸ್ಲಿ."

ಮೆಕ್ಯಾನಿಕ್ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು. ಆಮೇಲೆ ಮೆಲ್ಲಗೆ, "ತಾತಾ, ಇದು ನೆಲದ ಮೇಲೆ ನಿಲ್ಲೋ ಗಾಡಿ. ಬಿಟ್ರೂ ಕೆಳಗೆ ರೋಡೇ ಇರ್ತದೆ," ಎಂದರು.

ಅಪ್ಪ ನಕ್ಕರು. ಘಾಟಿಯ ದಿನದ ನಂತರ ಕಾರಿನ ಹತ್ತಿರ ಅವರು ನಕ್ಕದ್ದು ಅದೇ ಮೊದಲು.

ಡಿಸ್ಕು ಹಾಳಾಗಿರಲಿಲ್ಲ. ಮೆಕ್ಯಾನಿಕ್ ಮರಳು ಕಾಗದದಲ್ಲಿ ಉಜ್ಜಿ ಕಲೆ ತೆಗೆದು, ಪ್ಯಾಡಿನ ಮೈಯನ್ನೂ ಉಜ್ಜಿ, ಏರಿಸಿ ಇಳಿಸುವುದನ್ನು ಇನ್ನೊಂದು ಸಲ ಮೊದಲಿಂದ ಮಾಡಿ ಎಂದರು. ಎಷ್ಟರಿಂದ ಎಷ್ಟಕ್ಕೆ, ಎಷ್ಟು ಸಲ, ಆರಿಸುವುದು ಎಷ್ಟು ಹೊತ್ತು ಎಂದು ಅಪ್ಪ ಕೇಳಿ ತಿಳಿದುಕೊಂಡರು. ಬಸ್ ನಿಲ್ದಾಣದ ಕಡೆ ಹೊರಟವರು ತಿರುಗಿ ನಿಂತರು.

"ಬೆಳಿಗ್ಗೆ ನಾನೂ ಬತ್ತೀನಿ."

ಮೊದಲ ಸಲ ಖಾಲಿ ಹೋಗಬೇಕಲ್ಲವೇ ಎಂದು ನೆನಪಿಸಿದೆ.

"ಖಾಲಿ ಓಗಿದ್ದಕ್ಕೇ ಕೆಟ್ಟಿದ್ದು ಕಣ್ಲಾ. ಪಕ್ಕದಾಗೆ ಗಂಟೆ ಹೊಡ್ಯೋನು ಇರ್ಲಿಲ್ಲ."

ಮರುದಿನ ಮಂಜು ಇನ್ನೂ ದಟ್ಟವಾಗಿತ್ತು. ಅಪ್ಪ ಬೆಲ್ಟ್ ಹಾಕಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು, ಸ್ಪೀಡಿನ ಮುಳ್ಳಿನ ಮೇಲೆ ಕಣ್ಣಿಟ್ಟು ಕೂತರು. ಅರವತ್ತಕ್ಕೆ "ಹಿಡಿ" ಅನ್ನುವರು, ಹತ್ತು ಸಮೀಪಿಸಿದಾಗ "ಬಿಡು". ಮೊದಲ ಮೂರು ಸಲ ಬಿಡು ಅನ್ನುವುದಕ್ಕೆ ತಡ ಮಾಡಿದರು. ಅವರ ಬಲಗಾಲು ಮ್ಯಾಟನ್ನು ಒತ್ತುತ್ತಿದ್ದದ್ದು ನನಗೆ ಕಾಣುತ್ತಿತ್ತು. ನಾಲ್ಕನೆಯದಕ್ಕೆ ಮಾತು ಹೊತ್ತಿಗೆ ಸರಿಯಾಗಿ ಬಂತು. ಆರನೆಯದಕ್ಕೆ ಅವರ ಕಾಲು ಸುಮ್ಮನಿತ್ತು. ಒಂದೊಂದಕ್ಕೂ ಒಂದು ಬೆರಳು ಮಡಚುತ್ತಿದ್ದರು. ಹತ್ತು ಬೆರಳೂ ಮಡಚಿದಾಗ ಪೆಡಲಿನಲ್ಲಿ ನಡುಕ ಇರಲಿಲ್ಲ. ರಸ್ತೆಯಲ್ಲಿ ಕುರಿಯೂ ಇರಲಿಲ್ಲ.

"ಈಗ ನಿಲ್ಲಿಸ್ಬಾರ್ದು, ಅಲ್ವಾ?"

"ಇಲ್ಲ. ಕಾಲು ಗಂಟೆ."

"ಓಗು ಹಂಗಾದ್ರೆ."

ಬೂದಿಕೋಟೆ ಬಂತು. ನಾವು ತಿರುಗುತ್ತಿದ್ದ ಜಾಗ ಹಿಂದೆ ಉಳಿಯಿತು. ಹಾಲಿನ ಡೇರಿಯ ಮುಂದೆ ಪಾತ್ರೆ ಹಿಡಿದು ನಿಂತವರು ಮಂಜಿನಲ್ಲಿ ಅರ್ಧ ಅಳಿಸಿದ ಹಾಗೆ ಕಂಡು ಮರೆಯಾದರು. ಊರಿನಾಚೆಯ ರಸ್ತೆ ನಮಗೆ ಹೊಸದು. ಮೂರನೇ ಗೇರಿನಲ್ಲಿ, ಯಾವ ಪೆಡಲನ್ನೂ ಒತ್ತಿದಂತೆ ಅನ್ನಿಸದಷ್ಟು ಹಗುರವಾಗಿ, ಹೋಗುತ್ತಿದ್ದೆವು. ಅಪ್ಪ ಗಾಜು ಇಳಿಸಿದರು. ಹಸಿ ಮಣ್ಣಿನ ಗಾಳಿ ಒಳಗೆ ಬಂತು. ಸ್ವಲ್ಪ ದೂರ ಹೋದ ಮೇಲೆ, ಮುಂದೆ ನೋಡುತ್ತಲೇ, ಶುರುಮಾಡಿದರು.

"ನಿಮ್ಮಮ್ಮ ಒಂದ್ಸಲ ಎಂಜಿನ್ ಮನೆ ನೋಡ್ಬೇಕು ಅಂತ ಹಟ ಹಿಡಿದ್ಲು. ಬಿಡ್ತಿರ್ಲಿಲ್ಲ ಒಳಕ್ಕೆ ಯಾರ್ನೂ. ನಾನು ಏನ್ ಮಾಡ್ದೆ ಅಂದ್ರೆ..."

ಮುಂದಿನ ಮಾತಿಗೆ ಕಾದೆ. ಬರಲಿಲ್ಲ. ತಿರುಗಿ ನೋಡಿದರೆ ತಲೆ ಕಿಟಕಿಯ ಕಡೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆ ಹೊಡೆಯುತ್ತ ನಿದ್ದೆ ಹೋಗಿದ್ದರು. ಮಡಚಿದ ಬೆರಳುಗಳು ತೊಡೆಯ ಮೇಲೆ ಒಂದೊಂದಾಗಿ ಬಿಚ್ಚಿಕೊಂಡಿದ್ದವು. ಗಾಳಿ ತಣ್ಣಗಿತ್ತು. ನನ್ನ ಕಡೆಯ ಗುಂಡಿ ಒತ್ತಿ ಅವರ ಗಾಜನ್ನು ಅರ್ಧ ಏರಿಸಿದೆ. ಕಾಲು ಗಂಟೆ ಮುಗಿದಿತ್ತು, ಬ್ರೇಕು ಆರಿತ್ತು. ನಿಲ್ಲಿಸಬಹುದಿತ್ತು. ಮುಂದಕ್ಕೆ ಹೋದೆ.