ನಿಲ್ಲಿಸದೆ ಬದಲಿಸಿದ ಫಿಲ್ಟರ್

ಹೋದ ವಾರ ಯಾದಗಿರಿಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದಳು. ಆ ವಾಸನೆಗೆ, ವರ್ಷಗಳ ಹಿಂದೆ ಸುರಪುರದ ಹತ್ತಿರ ನಾನು ಕೆಲಸ ಮಾಡುತ್ತಿದ್ದ, ಕಾಲುವೆ ನೋಡಿಕೊಳ್ಳುವ ಗುತ್ತಿಗೆ ಕಂಪನಿಯೊಂದರ ಕಂಟ್ರೋಲ್ ರೂಮು ನೆನಪಾಯಿತು. ದಿನಾ ಬೆಳಿಗ್ಗೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಕೀಬೋರ್ಡ್ ಒರೆಸುತ್ತಿದ್ದ ನಮ್ಮ ಹಿರಿಯ ಆಪರೇಟರ್ ನೆನಪಾದರು...

ಕಾಲುವೆಯ ಗೇಟುಗಳು ಎಷ್ಟು ತೆರೆದಿವೆ, ಎಷ್ಟು ಮುಚ್ಚಿವೆ ಎಂಬುದು ಒಂದೊಂದೇ ಸಾಲಾಗಿ ನಮ್ಮ ಪರದೆಯ ಮೇಲೆ ಓಡುತ್ತಿತ್ತು. ಅದನ್ನು ಲಾಗ್ ಎನ್ನುತ್ತಿದ್ದೆವು. ಫಿಲ್ಟರಿಗೆ ಒಂದು ಪದ ಕೊಟ್ಟರೆ ಆ ಪದವಿದ್ದ ಸಾಲುಗಳಷ್ಟೇ ಕಾಣುತ್ತಿದ್ದವು. ಹೊಸದಾಗಿ ಸೇರಿದ್ದ ನಾನು, ಆ ಓಟಕ್ಕೆ ಕಣ್ಣು ಸೋತು, ಒಂದು ಬೆಳಿಗ್ಗೆ 'ಎರರ್' ಎಂದು ಹಾಕಿ ಉಳಿದದ್ದನ್ನೆಲ್ಲ ಮರೆಮಾಡಿದೆ. ಪರದೆ ಶಾಂತವಾಯಿತು.

ಮಧ್ಯಾಹ್ನ ಫೋನು ಬಂತು. ಹುಣಸಗಿ ಕಡೆಯ ಉಪಕಾಲುವೆಯಲ್ಲಿ ಹೂಳೆತ್ತಿಸುತ್ತಿದ್ದ ಮೇಸ್ತ್ರಿ.

"ಮೇಡಂ, ನೀರು ಬರಾಕತ್ತೈತ್ರಿ. ಮೊಣಕಾಲಿಗೆ ಬಂದೈತಿ. ಗೇಟ್ ಬಂದ್ ಅದಾವು ಅಂದಿದ್ರಲ್ರಿ?"

ಪರದೆಯಲ್ಲಿ ಏನೂ ಇರಲಿಲ್ಲ. ಗೇಟು ತೆರೆಯುವುದು ಎರರ್ ಅಲ್ಲವಲ್ಲ... ಗಾಬರಿಯಲ್ಲಿ ಪ್ರೋಗ್ರಾಂ ಮುಚ್ಚಿ ಮತ್ತೆ ಶುರು ಮಾಡಲು ಹೋದೆ. ಹಿರಿಯರು ನನ್ನ ಮಣಿಕಟ್ಟು ಹಿಡಿದರು.

"ಮುಚ್ಚಬ್ಯಾಡ ತಂಗಿ. ಮುಚ್ಚಿದ್ರ ಬಂದ ಸಾಲೆಲ್ಲ ಹೋಗ್ತಾವ. ಮತ್ತ ಗೇಟ್‌ಗಳು ಕಂಪ್ಯೂಟರಿಗೆ ಜೋಡಾಗಾಕ ಹತ್ತು ನಿಮಿಷ ಬೇಕು."

ಫೋನು ಕಸಿದುಕೊಂಡು, ಎಲ್ಲರನ್ನೂ ದಂಡೆಗೆ ಹತ್ತಿಸಲು ಹೇಳಿದರು.

"ಇಬ್ಬರು ಹೆಣ್ಮಕ್ಕಳು ಮೋರಿ ಒಳಗ ಅದಾರ್ರಿ. ಕರದ್ರ ಕೇಳವಲ್ದು," ಎಂದ ಮೇಸ್ತ್ರಿ.

ಓಡುತ್ತಿದ್ದ ಲಾಗನ್ನು ನಿಲ್ಲಿಸದೆಯೇ ಹಿರಿಯರು 'ಎರರ್' ಅಳಿಸಿ 'ಓಪನ್' ಎಂದು ಹೊಡೆದರು. ಅಡಗಿದ್ದ ಸಾಲುಗಳು ಒಮ್ಮೆಲೇ ಸುರಿದವು, ಇಡೀ ಕಾಲುವೆಯವು. ಅವರು ಉಪಕಾಲುವೆಯ ಸಂಖ್ಯೆಯನ್ನೂ ಸೇರಿಸಿದರು. ಒಂದೇ ಗೇಟು ಉಳಿಯಿತು. ಒಂಬತ್ತನೆಯದು ತಾನಾಗಿಯೇ ಏಳುತ್ತಿತ್ತು. ನಾಲ್ಕು ಇಂಚು, ಆರು, ಎಂಟು...

ಗೇಟಿನ ಕಾವಲುಗಾರನಿಗೆ ಫೋನು ಮಾಡಿ, "ಒಂಬತ್ತರ ಮೋಟಾರ್ ಬಂದ್ ಮಾಡು. ಕೈಲೆ ತಿರುವಿ ಇಳಸು, ಲಗೂನ," ಎಂದರು.

ಹತ್ತಕ್ಕೆ ನಿಂತಿತು. ಎಷ್ಟೋ ಹೊತ್ತು ಹತ್ತೇ ಇತ್ತು. ಆಮೇಲೆ ಒಂಬತ್ತು. ಆರು. ಕೊನೆಗೆ ಸೊನ್ನೆ. ಫೋನು ಮತ್ತೆ ಬಡಿದುಕೊಂಡಿತು. "ಇಬ್ಬರೂ ಹೊರಗ ಬಂದಾರ್ರಿ. ಒಬ್ಬಾಕಿ ಕೈ ತರಚೈತಿ, ಅಷ್ಟ," ಎಂದ ಮೇಸ್ತ್ರಿ.

ಕಂಪನಿಯ ವಿಚಾರಣೆಯಲ್ಲಿ ಸಾಹೇಬರು, ಗೇಟು ಏಳುವುದು ನಿಮಗೆ ಯಾಕೆ ಕಾಣಲಿಲ್ಲ ಎಂದು ಕೇಳಿದರು.

"ಫಿಲ್ಟರ್ ನಾನ ಹಾಕಿದ್ದೆ ಸಾಹೇಬ್ರ," ಎಂದರು ಹಿರಿಯರು.

ನಾನು ಬಾಯಿ ತೆರೆಯಲಿಲ್ಲ. ನನ್ನ ನೌಕರಿ ಉಳಿಯಿತು. ಅವರನ್ನು ವಡಗೇರಾದ ಸಾಮಾನಿನ ಗೋಡೌನಿಗೆ ಹಾಕಿದರು. ಹೊರಡುವಾಗ ಒಂದೇ ಮಾತು ಹೇಳಿದರು: "ಪದ ಹಾಕೂ ಮುಂದ, ಯಾವ ಸಾಲು ಕಾಣೂದಿಲ್ಲ ಅನ್ನೂದು ಮೊದಲ ನೋಡ್ಕೊ."

ಲ್ಯಾಬಿನಿಂದ ನೇರ ಶಹಾಪುರಕ್ಕೆ, ಅವರ ಮನೆಗೆ ಹೋದೆ. ಅವರು ತೀರಿಕೊಂಡು ವರ್ಷವಾಗಿತ್ತು. ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ... ಬಾಗಿಲಲ್ಲಿ ನಿಂತೇ ಮಗಳಿಗೆ ಎಲ್ಲ ಹೇಳಿದೆ. ಆ ಫಿಲ್ಟರ್ ಹಾಕಿದ್ದು ನಾನು ಎಂದೆ.

"ನಮ್ಮಪ್ಪ ಸಾಯೂತನಕ ತಪ್ಪು ನಂದ ಅಂತಿದ್ದ್ರಿ," ಎಂದಳು. "ನಮ್ಮವ್ವ ಒಳಗ ಅದಾಳ. ಬರ್ರಿ, ಆಕಿಗೂ ಹೇಳ್ರಿ."

ಚಪ್ಪಲಿ ಬಿಟ್ಟು ಒಳಗೆ ಹೋದೆ.