ಅಧ್ಯಕ್ಷರ ಗೊರಕೆ, ಮೀಟರಕ್ಕನ ಗಿರಣಿ

ಮೀಟರಕ್ಕ ಯಾರೆಂದು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಪುರಸಭೆಯಲ್ಲಿ ಸದ್ದು ಅಳೆಯುವುದು ಅವಳ ಕೆಲಸ. ಕೈಯಲ್ಲಿ ಟಾರ್ಚಿನಂಥ ಒಂದು ಯಂತ್ರ, ಅದರ ತುದಿಗೆ ಸ್ಪಂಜಿನ ಕಪ್ಪು ಟೊಪ್ಪಿ. ಅದನ್ನು ಹಿಡಿದು ಹಿಡಿದು ಎಂಥ ಚಟ ಅಂಟಿತ್ತೆಂದರೆ, ಮನೆಯಲ್ಲೂ ಅಳೆಯದೆ ಇರಲಾರಳು.

"ಅತ್ತೆ, ಇವತ್ತು ನೀವು ಎಂಬತ್ತು ದಾಟಿದ್ರಿ" ಎನ್ನುವಳು.

"ಇದೇನು ಮಹಾ! ನಮ್ಮಮ್ಮ ಬಾಯಿ ತೆಗೆದಿದ್ರೆ ನಿನ್ನ ಯಂತ್ರ ಸುಟ್ಟೇ ಹೋಗ್ತಿತ್ತು" ಎಂದು ಅತ್ತೆ ಬೀಗುವರು.

ಎಲ್ಲ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಪುರಸಭೆಯ ಹೊಸ ಅಧ್ಯಕ್ಷರಿಗೆ ಮಧ್ಯಾಹ್ನದ ನಿದ್ದೆ ಬರುತ್ತಿಲ್ಲ ಎಂಬ ದೂರು ಬಂತು. ದೂರು ಕೊಟ್ಟವರೂ ಅವರೇ, ತೆಗೆದುಕೊಂಡವರೂ ಅವರೇ. ಅವರ ಮಲಗುವ ಕೋಣೆಯ ಕಿಟಕಿಗೆ ಎದುರಾಗಿ, ರಸ್ತೆಯಾಚೆ ಒಂದು ಹಿಟ್ಟಿನ ಗಿರಣಿ. ಅದು ಯಾರದು ಅಂತೀರಿ? ಮೀಟರಕ್ಕನ ಗಂಡನದೇ! ಅಪ್ಪನಿಂದ ಬಂದ ಗಿರಣಿ. ಅದು ಬಿಟ್ಟರೆ ಪುಣ್ಯಾತ್ಮನಿಗೆ ಬೇರೆ ಕಸುಬು ಬಾರದು. ಮನೆಗಳಿರುವ ಬೀದಿಯಲ್ಲಿ ಹಗಲು ಐವತ್ತೈದು ಡೆಸಿಬಲ್ ಮೀರಿದರೆ ಸದ್ದಿನ ಮೂಲವನ್ನು ಮುಚ್ಚಿಸಬೇಕು ಎನ್ನುತ್ತಿತ್ತು ಕಾನೂನು. ಅಳೆಯಲು ಊರಿಗೆಲ್ಲ ಮೀಟರಕ್ಕ ಒಬ್ಬಳೇ.

"ಆ ಟೊಪ್ಪಿ ಮೇಲೆ ಒಂದಿಷ್ಟು ಹತ್ತಿ ಸುತ್ತೇ. ಯಾರಿಗೆ ಗೊತ್ತಾಗುತ್ತೆ?" ಎಂದ ಗಂಡ.

"ನನಗೆ ಗೊತ್ತಾಗುತ್ತಲ್ಲ ರೀ" ಎಂದಳು.

ತೊಂದರೆ ಆಗುವ ಜಾಗದಲ್ಲೇ, ಆಗುವ ಹೊತ್ತಿನಲ್ಲೇ ಅಳೆಯಬೇಕು. ಮೊದಲು ಗಿರಣಿ ನಿಲ್ಲಿಸಿ, ಆಮೇಲೆ ಓಡಿಸಿ ಅಳೆಯಬೇಕು ಎಂಬುದು ಅವಳ ಕೆಲಸದ ಕ್ರಮ. ಹಾಗಾಗಿ ಊಟ ಮುಗಿಸಿ ಅಧ್ಯಕ್ಷರು ಮಲಗಿದರು. ಪಕ್ಕದಲ್ಲಿ ಅವರ ಹೆಂಡತಿ, ಪುರಸಭೆಯ ವಕೀಲರು, ಮೀಟರಕ್ಕ ಉಸಿರು ಬಿಗಿಹಿಡಿದು ನಿಂತರು. ಗಿರಣಿ ನಿಂತಿತ್ತು. ಅಧ್ಯಕ್ಷರು ಗೊರಕೆ ಶುರುಮಾಡಿದರು. ಎಪ್ಪತ್ತನಾಲ್ಕು! ಗಿರಣಿ ಓಡಿಸಿದರು. ಆಗಲೂ ಎಪ್ಪತ್ತನಾಲ್ಕೇ! ದೊಡ್ಡ ಸದ್ದಿನೊಳಗೆ ಸಣ್ಣದು ಮುಳುಗಿಹೋಗಿತ್ತು. ಹೆಂಡತಿ ಅವರನ್ನು ಮಗ್ಗುಲಿಗೆ ಹೊರಳಿಸಿ ಗೊರಕೆ ನಿಲ್ಲಿಸಿದ ಮೇಲಷ್ಟೇ ಗಿರಣಿಯ ಪಾಲು ಗೊತ್ತಾದದ್ದು. ಅರವತ್ತೆರಡು.

"ಹಾಗಾದ್ರೆ ಮೂಲ ಎರಡು. ಕಾನೂನು ಪ್ರಕಾರ ಎರಡನ್ನೂ ಮುಚ್ಚಿಸಬೇಕು" ಎಂದರು ವಕೀಲರು, ತಲೆ ಕೆರೆದುಕೊಳ್ಳುತ್ತ.

"ಇದನ್ನ ಮುಚ್ಚಿಸೋಕೆ ಮದುವೆಯಾದಾಗಿಂದ ನಾನು ಒದ್ದಾಡ್ತಿದ್ದೀನಪ್ಪಾ" ಎಂದರು ಹೆಂಡತಿ.

ಎಚ್ಚರವಾಗಿ ಇದನ್ನೆಲ್ಲ ಕೇಳಿದ ಅಧ್ಯಕ್ಷರು ಕೆಂಡವಾದರು. ತುರ್ತು ಸಭೆ ಕರೆದು ಠರಾವು ಮಂಡಿಸಿದರು: 'ವಿಶ್ರಾಂತಿಯಲ್ಲಿರುವ ಯಾವುದೇ ನಾಗರಿಕನಿಂದ ಉಂಟಾಗುವ ಸದ್ದನ್ನು ಸದ್ದೆಂದು ಪರಿಗಣಿಸತಕ್ಕದ್ದಲ್ಲ.' ಸದಸ್ಯರೆಲ್ಲ ಕೈಯೆತ್ತಿದರು. ಸಭೆಯಲ್ಲಿ ತೂಕಡಿಸುವ ಅಭ್ಯಾಸ ಅವರಿಗೂ ಇತ್ತಲ್ಲ. ಗೊರಕೆ ಗೆದ್ದಿತು. ಉಳಿದದ್ದು ಗಿರಣಿಯೊಂದೇ, ಸೋಮವಾರ ಅದಕ್ಕೆ ಬೀಗ.

ಮನೆಗೆ ಬಂದು ಮೀಟರಕ್ಕ ಗೊಳೋ ಎಂದು ಅತ್ತಳು. ಮಾವನ ಗಿರಣಿಗೆ ತನ್ನ ಕೈಯಾರೆ ಬೀಗ ಹಾಕಿಸಿದೆನಲ್ಲಾ ಎಂಬ ಸಂಕಟ. ಗಂಡ ಊಟದ ತಟ್ಟೆ ದೂಡಿ ಕೂತಿದ್ದ. ಅವಳು ಮೂಗು ಒರೆಸಿಕೊಳ್ಳುತ್ತ ಠರಾವನ್ನು ಅತ್ತೆಗೆ ಓದಿ ಹೇಳಿದಳು.

"ಥೂ, ಇವರ ಮೋರೆಗಿಷ್ಟು! ಹಾಗಾದ್ರೆ ನೀನೂ ಮಲ್ಕೊಂಡೇ ಬೀಸೋ ಮಗನೇ!" ಎಂದು ಅತ್ತೆ ಸಿಡುಕಿದರು.

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಗಂಡನ ಮುಖ ನೋಡಿದಳು.

ಸೋಮವಾರ ಅಧ್ಯಕ್ಷರೂ ವಕೀಲರೂ ಬೀಗ ಹಿಡಿದು ಬಂದರೆ, ಗಿರಣಿಯ ನಡುವೆ ಒಂದು ಮಂಚ! ಅದರ ಮೇಲೆ ಗಿರಣಿಯವನು ದಿಂಬಿಗೆ ಒರಗಿ, ಹೊದಿಕೆ ಹೊದ್ದು ಮಲಗಿದ್ದ. ಸ್ವಿಚ್ಚಿಗೆ ಕಟ್ಟಿದ ಹಗ್ಗದ ತುದಿ ಅವನ ಕಾಲಿನ ಹೆಬ್ಬೆರಳಿಗೆ. ಗಿರಾಕಿಗಳು ತಾವೇ ಕಾಳು ಸುರಿದು, ನಗು ತಡೆಯಲಾರದೆ ಹಿಟ್ಟು ತುಂಬಿಕೊಳ್ಳುತ್ತಿದ್ದರು. ಗಿರಣಿ ಗಡಗಡ ಓಡುತ್ತಿತ್ತು.

"ಇವನು ವಿಶ್ರಾಂತಿಯಲ್ಲಿದ್ದಾನೆ ಅನ್ನೋಕೆ ಏನಮ್ಮಾ ಸಾಕ್ಷಿ?" ಎಂದು ವಕೀಲರು ಯಂತ್ರ ಹಿಡಿದು ಪಕ್ಕದಲ್ಲಿ ನಿಂತಿದ್ದ ಮೀಟರಕ್ಕನನ್ನು ಕೂಗಿ ಕೇಳಿದರು.

"ಅದನ್ನ ಅಳೆಯೋ ಯಂತ್ರ ನಮಗೆ ಕೊಟ್ಟಿಲ್ಲ ಸಾರ್!" ಎಂದು ಮೀಟರಕ್ಕನೂ ಕೂಗಿಯೇ ಹೇಳಿದಳು. ಮಂಚದ ಮೇಲಿದ್ದವನು ಉದ್ದಕ್ಕೆ ಆಕಳಿಸಿದ.

"ಆ ಠರಾವನ್ನ ಈಗಲೇ ರದ್ದು ಮಾಡ್ತೀನಿ!" ಎಂದು ಗುಡುಗಿದರು ಅಧ್ಯಕ್ಷರು.

ವಕೀಲರು ಅವರ ಕಿವಿಗೆ ಬಾಯಿಟ್ಟರು. "ರದ್ದು ಮಾಡಿದ್ರೆ ಮೊದಲ ನೋಟಿಸು ತಮ್ಮ ಮೂಗಿಗೇ ಬರುತ್ತೆ ಸಾರ್."

ಅಧ್ಯಕ್ಷರು ಗಿರಣಿ ನೋಡಿದರು, ಮಂಚ ನೋಡಿದರು, ತಮ್ಮ ಮೂಗು ಮುಟ್ಟಿ ನೋಡಿಕೊಂಡರು. ಬೀಗವನ್ನು ಜೇಬಿಗೆ ಹಾಕಿಕೊಂಡು ಹೊರಟೇಹೋದರು.

ಮೀಟರಕ್ಕ ಹುಟ್ಟಿದಾರಭ್ಯ ಸುಳ್ಳು ಲೆಕ್ಕ ಬರೆದವಳಲ್ಲ. ಅವತ್ತೂ ಬರೆಯಲಿಲ್ಲ, ಠರಾವಿನ ಪ್ರಕಾರವೇ 'ಸದ್ದಿಲ್ಲ' ಎಂದು ವರದಿ ಬರೆದು ಸಹಿ ಹಾಕಿದಳು. ಖುಷಿಗೆ ಕಣ್ಣು ತುಂಬಿ ಬಂತು.

"ರೀ, ಗಿರಣಿ ಉಳೀತು ರೀ!" ಎಂದು ಕಿರುಚಿದಳು.

"ಆಂ? ಏನಂದೆ?" ಗಂಡ ಮಂಚದ ಮೇಲಿಂದ ಕಿವಿಗೆ ಕೈಯಿಟ್ಟ. "ಈ ಹಾಳು ಸದ್ದಲ್ಲಿ ಒಂದೂ ಕೇಳಿಸ್ತಿಲ್ಲ ಕಣೇ!"

"ಶ್!" ಮೀಟರಕ್ಕ ಓಡಿಬಂದು ಅವನ ಬಾಯಿ ಮುಚ್ಚಿದಳು. "ಸುಮ್ಮನೆ ಮಲ್ಕೊಳ್ರೀ, ಸದ್ದಿಲ್ಲ ಅಂತ ಈಗ ತಾನೇ ಬರೆದಿದ್ದೀನಿ!"