ಸಾಹೇಬರಿಗೊಬ್ಬ ಜೊತೆಗಾರ

ನಮ್ಮಕ್ಕನಿಗೆ ಕೊಳೆ ಕಂಡರಾಗದು. "ಕೊಳೆ ಇಲ್ದಿದ್ರೆ ನಮ್ಮ ಹೊಟ್ಟೆಪಾಡೇನೇ, ಮಹರಾಯ್ತಿ?" ಅಂತ ಭಾವ ರೇಗಿಸುತ್ತಿದ್ದರು. ಇಬ್ಬರದೂ ಲಾಂಡ್ರಿ. ಮುಂದೆ ಅಂಗಡಿ, ಹಿಂದಿನ ಕೋಣೆಯಲ್ಲಿ ಸಂಸಾರ. ಒಬ್ಬ ಗಿರಾಕಿಯ ಬೆವರಿನ ವಾಸನೆ ಇನ್ನೊಬ್ಬರ ಬಟ್ಟೆಗೆ ಹತ್ತಿತೋ, ಅವತ್ತು ಅಕ್ಕನ ಮುಖ ನೋಡುವ ಹಾಗಿಲ್ಲ.

ಮಕ್ಕಳಿಲ್ಲದ ಆ ಮನೆಗೆ ಭಾವ ಒಂದು ಚಿಂಚಿಲ್ಲಾ ತಂದಿದ್ದರು. ಇಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು, ಮೈತುಂಬ ಬೂದುಬಣ್ಣದ ಮೆತ್ತನೆ ತುಪ್ಪಳ. ಅದಕ್ಕೆ ನೀರು ಸೋಕಬಾರದಂತೆ, ನುಣ್ಣನೆ ಧೂಳಿನಲ್ಲಿ ಹೊರಳಾಡಿದರೆ ಅದೇ ಸ್ನಾನ. "ಲಾಂಡ್ರಿಯವಳ ಮನೇಲಿ ಧೂಳಲ್ಲಿ ಸ್ನಾನ ಮಾಡೋ ಸಾಹೇಬ್ರು!" ಅಂತ ಅಕ್ಕ ಗೊಣಗಿದ್ದೇ ತಡ, ಸಾಹೇಬರು ಅನ್ನೋದೇ ಹೆಸರಾಯಿತು. ಭಾವ ಬಟ್ಟೆ ಗಂಟು ಕಟ್ಟುವಾಗ ಸಾಹೇಬರು ಅವರ ಹೆಗಲೇರಿ ಕಿವಿ ಮೂಸುತ್ತ ಕೂರುತ್ತಿದ್ದರು.

ಒಂದು ದಿನ ಭಾವ ಇಸ್ತ್ರಿ ಮೇಜಿನ ಪಕ್ಕ ಎದೆ ಹಿಡಿದುಕೊಂಡು ಕುಸಿದರು. ಮತ್ತೆ ಏಳಲಿಲ್ಲ. ಸಾಹೇಬರು ಗೂಡಿನ ಮೂಲೆ ಸೇರಿದರು. ಹುಲ್ಲು ಹಾಕಿದರೆ ಹಾಕಿದ ಹಾಗೇ ಇರುತ್ತಿತ್ತು.

"ಇದೂ ಹೋದ್ರೆ ಅವರದ್ದು ಅಂತ ಉಸಿರಾಡೋದು ಈ ಮನೇಲಿ ಏನೂ ಉಳಿಯಲ್ಲ ಕಣೇ," ಅಂದಳು ಅಕ್ಕ. ಅವಳನ್ನ ಎಳೆದುಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆ.

"ಜೊತೆಗೆ ಇನ್ನೊಂದು ತನ್ನಿ. ಆದ್ರೆ ಅವಸರ ಬೇಡ," ಅಂದರು ಡಾಕ್ಟರು. "ಗೂಡುಗಳನ್ನ ಪಕ್ಕಪಕ್ಕ ಇಡಿ. ಇದು ಮಲಗಿದ ಬಟ್ಟೆ ಅದಕ್ಕೆ, ಅದರದ್ದು ಇದಕ್ಕೆ, ದಿನಾ ಬದಲಾಯಿಸ್ತಾ ಇರಿ. ಆಮೇಲೆ ಒಟ್ಟಿಗೆ ಬಿಡಿ." ಯಾಕೆ ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೀಗೆ ಗುಂಡ ಬಂದ. ಪೋಕರಿ ಮರಿ, ಒಂದು ಕಡೆ ನಿಲ್ಲುವವನಲ್ಲ. ಸಾಹೇಬರು ಕಂಬಿಯ ಹತ್ತಿರ ಬಂದು ಕೂತು ಅವನ ಕುಣಿತ ನೋಡತೊಡಗಿದರು. ಒಂದು ಸಂಜೆ ಒಣಹುಲ್ಲಿನ ಕಡ್ಡಿಯೊಂದನ್ನು ಎತ್ತಿ ಕಡಿದರು. ಅಕ್ಕ ಫೋನ್ ಮಾಡಿ, "ತಿಂದ್ರು ಕಣೇ! ಸಾಹೇಬ್ರು ತಿಂದ್ರು!" ಅಂತ ಕೂಗಿದಳು. ಭಾವ ಹೋದಮೇಲೆ ಅವಳ ದನಿಯಲ್ಲಿ ಅಷ್ಟು ಜೀವ ನಾನು ಕೇಳಿರಲಿಲ್ಲ.

ಒಟ್ಟಿಗೆ ಬಿಡುವ ದಿನ ನಾನೂ ಹೋಗಿದ್ದೆ. ಕೋಣೆಯ ಬಾಗಿಲು ಹಾಕಿ ಎರಡೂ ಗೂಡು ತೆರೆದೆವು. ಗುಂಡ ಸಲಿಗೆಯಿಂದ ಹತ್ತಿರ ಹೋದ. ಸಾಹೇಬರು ಮೂಗು ಚಾಚಿ ಒಂದೇ ಸಲ ಮೂಸಿದರು, ಮೂಸಿದವರೇ ಅವನ ಮೇಲೆ ಎರಗಿದರು. ತುಪ್ಪಳ ಕಿತ್ತು ಕೋಣೆ ತುಂಬ ಹಾರಿತು. ಜೀವಭಯಕ್ಕೆ ಗುಂಡ ತಿರುಗಿ ಕಚ್ಚಿದ. ನಾವು ಟವೆಲ್ ಎಸೆದು ಬಿಡಿಸುವಷ್ಟರಲ್ಲಿ ಸಾಹೇಬರ ಕುತ್ತಿಗೆ ರಕ್ತವಾಗಿತ್ತು. ಅಕ್ಕ ಅವರನ್ನು ಸೆರಗಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲೇ ಓಡಿದಳು.

ಡಾಕ್ಟರ ಮೇಜಿನ ಮೇಲೆ ಸಾಹೇಬರು ಕಣ್ಣು ಮುಚ್ಚಿದರು.

"ಬಟ್ಟೆ ಬದಲಾಯಿಸಿದ್ರಾ?" ಡಾಕ್ಟರು ಕೇಳಿದರು.

"ಒಂದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ," ಅಂದಳು ಅಕ್ಕ. "ಬಿಸಿನೀರಲ್ಲಿ ಒಗೆದು, ಇಸ್ತ್ರಿ ಹಾಕಿ ಕೊಡ್ತಿದ್ದೆ. ಒಬ್ಬರು ಮಲಗೆದ್ದಿದ್ದನ್ನ ಇನ್ನೊಬ್ಬರಿಗೆ ಹಾಗೇ ಕೊಡೋಕಾಗುತ್ತಾ?"

ಡಾಕ್ಟರು ಕನ್ನಡಕ ತೆಗೆದರು. "ಆ ವಾಸನೆಗೇ ಅಮ್ಮಾ ಬದಲಾಯಿಸೋದು. ಮೂಸಿಮೂಸಿ ನಮ್ಮವನು ಅಂತ ಗುರುತು ಹತ್ತಬೇಕಿತ್ತು. ಒಗೆದ್ರೆ ಅದೆಲ್ಲಾ ಹೋಗಿಬಿಡುತ್ತೆ."

ನನಗೆ ಮೈ ಉರಿದುಹೋಯಿತು. "ಬಾಯಿಬಿಟ್ಟು ಮೊದಲೇ ಹೇಳೋಕೆ ಏನಾಗಿತ್ರೀ ನಿಮಗೆ?" ಅಂತ ಕೂಗಾಡಿದೆ. ಅಕ್ಕ ನನ್ನ ಮೊಣಕೈ ಹಿಡಿದು ಹೊರಗೆ ಕರೆತಂದಳು. ದಾರಿಯುದ್ದಕ್ಕೂ ಒಂದು ಹನಿ ಕಣ್ಣೀರಿಲ್ಲ. ಅತ್ತುಬಿಡೇ ಅಂದರೂ ಅಳಲಿಲ್ಲ.

ಮನೆಗೆ ಬಂದವಳು ಸೀದಾ ಬೀರು ತೆಗೆದಳು. ಮಡಿಕೆ ಕೆಡದ ಭಾವನ ಅಂಗಿಗಳನ್ನು ಒಂದೊಂದೇ ಎಳೆದು ಮುಖಕ್ಕೊತ್ತಿಕೊಂಡಳು. ಕಾಲರು, ಕಂಕುಳು, ತೋಳು ಎಲ್ಲಾ ಮೂಸಿದಳು. ಒಂದನ್ನು ಬಿಸಾಡಿ ಇನ್ನೊಂದು ತೆಗೆದಳು.

"ಏನೇ ಮಾಡ್ತಿದೀಯಾ? ಬಿಡೇ ಅಕ್ಕಾ," ಅಂತ ಕೈ ಹಿಡಿದೆ.

ಕೊನೆಯ ಅಂಗಿಯನ್ನು ಮಡಿಲಲ್ಲಿ ಹಾಕಿಕೊಂಡು ಅವಳು ನೆಲದ ಮೇಲೆ ಕೂತುಬಿಟ್ಟಳು.

"ಅವರು ತೀರಿಹೋದ ವಾರವೇ ಎಲ್ಲಾ ಒಗೆದುಬಿಟ್ಟೆ ಕಣೇ," ಅಂದಳು. "ಒಂದಂಗೀನೂ ಬಿಡಲಿಲ್ಲ."